ಸಿನ್ಸಿನಾಟಿಯಿಂದ ಎಸ್ಲಿಂಗನ್‌ಗೆ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹಿಂದಿನ ಸಂಚಿಕೇಲಿ ನಾನು ಓಹಾಯೋ ರಾಜ್ಯದ ಸಿನ್ಸಿನಾಟಿ ಪಕ್ಕದ ಊರಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿ, 2017ರಲ್ಲಿ ಗಂಟುಮೂಟೆ ಕಟ್ಕೊಂಡು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ಗೆ ಬಂದ ಕತೆ ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಎಲ್ಲವನ್ನೂ ಓದಿದೀನಿ, ಕೆಲವನ್ನ ಎರಡೆರಡು ಸಲ ಓದಿದೀನಿ. ಒಂದೇ ವಿಷ್ಯ ಕೇಳಿದವ್ರದ್ದನ್ನ ಸೇರಿಸಿ ಇಲ್ಲಿ ಉತ್ತರ ಬರೀತಿದೀನಿ. ಯಾರ ಹೆಸ್ರೂ ಹಾಕಿಲ್ಲ, ಮನೆ ವಿಷ್ಯ ಬರೆದಿದೀರಿ, ಅದು ನಮ್ಮ ನಿಮ್ಮ ಮಧ್ಯೆ ಇರ್ಲಿ.

ಮೇಡಂ, ನಾವೂ ಸಿನ್ಸಿನಾಟಿ ಹತ್ರ ಮೇಸನ್‌ನಲ್ಲಿದೀವಿ. ನಮ್ಮನೆಯವ್ರಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ಸಂಬಳ ಮಾತ್ರ ಈಗಿಂದಕ್ಕಿಂತ ಮೂರ್ನೇ ಒಂದು ಭಾಗ ಕಮ್ಮಿ, ಅದ್ರಲ್ಲೂ ಅಲ್ಲಿ ಕಟಾವು ಜಾಸ್ತಿ ಅಂತಾರೆ. ನಾಲ್ಕು ಬೆಡ್‌ರೂಮಿನ ಮನೆ ಬಿಟ್ಟು ಹೋಗೋದು ಸರೀನಾ?

ಮೊದ್ಲು ನೀವು ಯಾವ ವೀಸಾದಲ್ಲಿದೀರಿ ಹೇಳಿ. ಗ್ರೀನ್ ಕಾರ್ಡ್, ಅಂದ್ರೆ ಕಾಯಂ ವಾಸದ ಪರ್ಮಿಟ್ಟು, ಕೈಗೆ ಬಂದಿದ್ರೆ ಒಂದು ಲೆಕ್ಕ, ಕಂಪನಿ ಕೊಡಿಸೋ ಕೆಲಸದ ವೀಸಾ ಎಚ್1ಬಿ ಆದ್ರೆ ಬೇರೇನೇ ಲೆಕ್ಕ. ನಾವು ಎಚ್1ಬಿಯವ್ರು. ಗ್ರೀನ್ ಕಾರ್ಡಿಗೆ ಯಾವುದೇ ಒಂದು ದೇಶದಲ್ಲಿ ಹುಟ್ಟಿದವ್ರಿಗೆ ವರ್ಷಕ್ಕೆ ನೂರಕ್ಕೆ 7ರ ಮಿತಿ ಇಟ್ಟಿದಾರೆ, ಹಾಗಾಗಿ ಇಂಡಿಯಾದಲ್ಲಿ ಹುಟ್ಟಿದವ್ರ ಸಾಲು ದಶಕಗಟ್ಲೆ ಉದ್ದ. ನಾನು ಎಚ್4ನಲ್ಲಿದ್ದೆ, ಅದು ಎಚ್1ಬಿಯವ್ರ ಗಂಡ ಹೆಂಡ್ತಿ ಮಕ್ಕಳಿಗೆ ಕೊಡೋ ವೀಸಾ, ಓದಿದ್ದು ಇಂಜಿನಿಯರಿಂಗು, ಆದ್ರೆ 2015ರಲ್ಲಿ ರೂಲ್ಸು ಬದಲಾಗೋವರ್ಗೂ ಒಂದು ಡಾಲರ್ ದುಡಿಯೋ ಹಾಗಿರ್ಲಿಲ್ಲ. ನಮ್ಮನೆಯವ್ರ ಕೆಲಸ ಹೋಯ್ತು ಅಂದ್ರೆ 60 ದಿನದಲ್ಲಿ ಬೇರೆ ಕೆಲಸ ಹುಡುಕ್ಬೇಕು, ಇಲ್ಲಾ ದೇಶ ಬಿಡ್ಬೇಕು.

ನಮ್ಮ ಬೀದೀಲೇ ಒಂದು ತೆಲುಗು ಕುಟುಂಬ ಇತ್ತು, ಅವ್ರಿಗೆ ಹಾಗಾಯ್ತು. ಒಂದು ಶನಿವಾರ ಬೆಳಿಗ್ಗೆ ಅವ್ರ ಗ್ಯಾರೇಜ್ ಬಾಗ್ಲು ಮೇಲೆತ್ತಿ ಮನೆ ಸಾಮಾನೆಲ್ಲ ಹೊರಗೆ ಇಟ್ಟಿದ್ರು, ಮಕ್ಕಳ ಸೈಕಲ್ಲು, ಊಟದ ಟೇಬಲ್ಲು, ದೇವರ ಮಂಟಪ ಇಡ್ತಿದ್ದ ಸ್ಟ್ಯಾಂಡು, ಕೊನೇಲಿ ವೆಟ್ ಗ್ರೈಂಡರ್ರು, ಅದ್ರ ಮೇಲೆ 20 ಡಾಲರ್ ಅಂತ ಹಳದಿ ಚೀಟಿ. ಆಕೆ ಹಿಂದಿನ ದಿನ ತಾನೇ ಅದ್ರಲ್ಲಿ ಹಿಟ್ಟು ರುಬ್ಬಿದ್ದಿರ್ಬೇಕು, ಕಲ್ಲಿನ ಸಂದಿಲಿ ಇನ್ನೂ ಹಸಿ ಇತ್ತು. ಆ ಗ್ರೈಂಡರ್ ನಾನೇ ತಗೊಂಡೆ. ಅವತ್ತು ರಾತ್ರಿ ನಾವಿಬ್ರೂ ಮಲಗ್ಲಿಲ್ಲ, ಜರ್ಮನಿ ಅನ್ನೋ ಮಾತು ನಮ್ಮನೇಲಿ ಮೊದ್ಲು ಬಂದಿದ್ದು ಅವತ್ತೇ.

ಈಗ ದುಡ್ಡಿನ ಮಾತು. ಕಟಾವು ಜಾಸ್ತಿ ಅನ್ನೋದು ನಿಜ. ಇನ್ಕಮ್ ಟ್ಯಾಕ್ಸ್ ಅಲ್ದೆ ಪೆನ್ಷನ್ನಿಗೆ 18.6 ಪರ್ಸೆಂಟು, ಹೆಲ್ತ್ ಇನ್ಶೂರೆನ್ಸಿಗೆ 14.6 ಪರ್ಸೆಂಟು ಮತ್ತು ಅದ್ರ ಮೇಲೊಂದಿಷ್ಟು, ಜೊತೆಗೆ ನಿರುದ್ಯೋಗದ್ದು, ಮುಪ್ಪಿನ ಆರೈಕೇದು, ಇವುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಕಂಪನಿ ಕೊಡತ್ತೆ ಅರ್ಧ ನಮ್ಮ ಸಂಬಳದಿಂದ ಹೋಗತ್ತೆ. ಮೊದಲ್ನೇ ಪೇ ಸ್ಲಿಪ್ ನೋಡಿದಾಗ ಎದೆ ಧಸಕ್ ಅನ್ನತ್ತೆ, ನಂಗೂ ಅಂದಿತ್ತು. ಆದ್ರೆ ಅಮೆರಿಕದಲ್ಲಿ ಸಂಬಳ ಕೈಗೆ ಬಂದ್ಮೇಲೆ ಏನೇನಕ್ಕೆ ಹೋಗತ್ತೆ ಅಂತ ಒಂದು ಹಾಳೇಲಿ ಬರೀರಿ. ಎರಡು ಕಾರು, ಎರಡಕ್ಕೂ ಇನ್ಶೂರೆನ್ಸು, ಡೇ ಕೇರು, ಡಾಕ್ಟರ್ ಬಿಲ್ಲು, ಮಗು ಕಾಲೇಜಿಗೆ ಅಂತ ಎತ್ತಿಡೋದು. ಇಲ್ಲಿ ನಮ್ಮನೇಲಿ ಒಂದೇ ಕಾರು, ಅದೂ ವಾರಗಟ್ಲೆ ನಿಂತಲ್ಲೇ ನಿಂತಿರತ್ತೆ. ಇಡೀ ದೇಶದ ಸಿಟಿ ಬಸ್ಸು, ಟ್ರಾಮು, ಲೋಕಲ್ ರೈಲೆಲ್ಲ ಒಂದೇ ಟಿಕೆಟ್ಟಲ್ಲಿ ಓಡಾಡೋದು ಅಂತ 2023ರ ಮೇನಲ್ಲಿ 49 ಯೂರೋಗೆ ಶುರು ಮಾಡಿದ್ರು, 2025ರಲ್ಲಿ 58 ಆಯ್ತು, 2026ರ ಜನವರಿಯಿಂದ 63, ಏರ್ತಾನೇ ಇದೆ ಅಂತ ಬೇಜಾರಾದ್ರೂ ಎರಡ್ನೇ ಕಾರಿನ ಖರ್ಚಿನ ಮುಂದೆ ಅದು ಏನೂ ಅಲ್ಲ. ಪ್ರತೀ ಮಗುವಿಗೂ ಸರ್ಕಾರ ತಿಂಗಳಿಗೆ ಇಷ್ಟು ಅಂತ ಕೊಡತ್ತೆ, 2025ರಲ್ಲಿ ಅದು 255 ಯೂರೋ ಇತ್ತು. ಇಷ್ಟೆಲ್ಲ ಆದ್ಮೇಲೂ ಅಮೆರಿಕದಲ್ಲಿ ಉಳಿಸ್ತಿದ್ದಷ್ಟು ಇಲ್ಲಿ ಉಳಿಯಲ್ಲ, ಇದನ್ನ ಮುಚ್ಚಿಟ್ಟು ನಿಮಗೆ ಬರೆಯಲ್ಲ. ಊರಲ್ಲಿ ಸೈಟು ತಗೋಬೇಕು, ಹತ್ತು ವರ್ಷದಲ್ಲಿ ಇಷ್ಟು ಗಂಟು ಮಾಡ್ಬೇಕು ಅನ್ನೋ ಗುರಿ ಇದ್ರೆ ಓಹಾಯೋನೇ ಮೇಲು.

ಉಳಿಯೋದು ಏನಂದ್ರೆ ದಿನಗಳು. ಐದು ದಿನದ ವಾರಕ್ಕೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ ಕೊಡ್ಲೇಬೇಕು ಅಂತ ಕಾಯ್ದೇಲೇ ಇದೆ, ತುಂಬಾ ಕಂಪನಿಗಳು 30 ಕೊಡ್ತಾರೆ. ರಜೇಲಿ ಹುಷಾರು ತಪ್ಪಿ ಮಲಗಿದ್ರೆ ಡಾಕ್ಟರ್ ಚೀಟಿ ತೋರಿಸಿದ್ರೆ ಆ ದಿನಗಳು ವಾಪಸ್ ಸಿಗತ್ತೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕಾನೂನಲ್ಲಿ ಸಂಬಳದ ರಜೆ ಅಂತ ಒಂದು ದಿನಾನೂ ಇಲ್ಲ, ಕಂಪನಿ ಕೊಟ್ಟಷ್ಟು. ನಮ್ಮನೆಯವ್ರು ಅಲ್ಲಿದ್ದಾಗ ಹತ್ತು ದಿನದ ರಜೇಲಿ ಊರಿಗೆ ಹೋಗಿ ಬರ್ತಿದ್ರು, ಅದ್ರಲ್ಲಿ ನಾಲ್ಕು ದಿನ ಪ್ರಯಾಣಕ್ಕೂ ನಿದ್ದೆಗೂ ಹೋಗ್ತಿತ್ತು. ಇಲ್ಲಿಗೆ ಬಂದ ಎರಡ್ನೇ ವರ್ಷ ನಾಲ್ಕು ವಾರ ಅಮ್ಮನ ಮನೇಲಿ ಕೂತಿದ್ರು, ಅತ್ತೆ ಕೇಳಿದ್ರು, ಏನಪ್ಪಾ ಕೆಲಸ ಹೋಯ್ತಾ ಅಂತ.

ಇನ್ನೊಂದು, ಬರೋ ಮುಂಚೆ ನಿಮ್ಮ ಯಜಮಾನ್ರ ಸೋಶಿಯಲ್ ಸೆಕ್ಯೂರಿಟಿ ಕ್ರೆಡಿಟ್ ಎಷ್ಟಾಗಿದೆ ನೋಡ್ಕೊಳಿ. 40 ಕ್ರೆಡಿಟ್ಟು, ಅಂದ್ರೆ ಹತ್ತು ವರ್ಷದ ದುಡಿಮೆ ತುಂಬಿದ್ರೆ ಅಲ್ಲಿನ ಪೆನ್ಷನ್ ಹಕ್ಕು ಗಟ್ಟಿ. ತುಂಬದಿದ್ರೂ ಅಮೆರಿಕ-ಜರ್ಮನಿ ಮಧ್ಯೆ 1979ರಿಂದ ಒಪ್ಪಂದ ಇದೆ, ಎರಡೂ ಕಡೆ ದುಡಿದ ವರ್ಷ ಕೂಡಿಸಿ ಅರ್ಹತೆ ನೋಡ್ತಾರೆ. ಅಮೆರಿಕಕ್ಕೂ ಇಂಡಿಯಾಗೂ ಅಂಥ ಒಪ್ಪಂದ ಇಲ್ಲ, ಅಲ್ಲಿಂದ ನೇರವಾಗಿ ಬೆಂಗಳೂರಿಗೆ ವಾಪಸ್ ಹೋಗೋರು ಅದಕ್ಕೇ ಕೈ ಕೈ ಹಿಸುಕಿಕೊಳ್ತಾರೆ. ಇದನ್ನ ಯಾರೂ ಹೇಳಲ್ಲ, ಅದಕ್ಕೇ ಬರೆದೆ.

ಕಾಯಿಲೆ ಕಸಾಲೆ ಬಂದ್ರೆ ಎಲ್ಲಿ ವಾಸಿ? ಜರ್ಮನೀಲಿ ಡಾಕ್ಟ್ರು ಬರೀ ಕಷಾಯ ಕುಡೀರಿ ಅಂತ ಕಳಿಸ್ತಾರೆ ಅಂತ ನನ್ನ ತಂಗಿ ಹೇಳ್ತಾಳೆ.

ನಿಮ್ಮ ತಂಗಿ ಹೇಳಿದ್ದು ನಿಜ, ನೆಗಡಿ ಕೆಮ್ಮು ಅಂತ ಹೋದ್ರೆ ಟೀ ಕುಡಿದು ಮಲಗಿ ಅಂತಾರೆ, ಆಂಟಿಬಯಾಟಿಕ್ ಸುಲಭಕ್ಕೆ ಬರೆಯಲ್ಲ. ಸ್ಪೆಷಲಿಸ್ಟ್ ಹತ್ರ ಹೋಗ್ಬೇಕಂದ್ರೆ ತಿಂಗಳುಗಟ್ಲೆ ಕಾಯ್ಬೇಕಾಗಿ ಬರತ್ತೆ, ಸ್ಕಿನ್ ಡಾಕ್ಟ್ರಿಗೆ ನಾನು ನಾಲ್ಕು ತಿಂಗಳು ಕಾದಿದೀನಿ, ಅದು ಹಿಂಸೇನೇ. ಸಿನ್ಸಿನಾಟಿಲಿ ನನಗೆ ಸಿಕ್ಕ ಡಾಕ್ಟ್ರು, ನರ್ಸುಗಳ ಮಾತು ನಡತೆ ನೆನೆಸ್ಕೊಂಡ್ರೆ ಈಗ್ಲೂ ಕೈ ಮುಗೀಬೇಕು ಅನ್ಸತ್ತೆ, ಹೆರಿಗೇಲಿ ನನ್ನ ಕೈ ಹಿಡ್ಕೊಂಡು ನಿಂತಿದ್ದ ನರ್ಸಮ್ಮನ ಮುಖ ನಾನು ಮರೆಯಲ್ಲ.

ಆದ್ರೆ ಮಗನಿಗೆ ಆರು ವರ್ಷ ಇದ್ದಾಗ ಅಪೆಂಡಿಕ್ಸ್ ಆಪರೇಷನ್ ಆಯ್ತು. ಇನ್ಶೂರೆನ್ಸ್ ಇತ್ತು, ಒಳ್ಳೇ ಕಂಪನೀದೇ. ಮಗು ಮನೆಗೆ ಬಂದು ಆಟ ಆಡೋಕೆ ಶುರು ಮಾಡಿದ್ಮೇಲೂ ನಾಲ್ಕು ತಿಂಗಳು ಪೋಸ್ಟ್ ಡಬ್ಬೀಲಿ ಲಕೋಟೆ ಬರ್ತಾನೇ ಇತ್ತು, ಆಸ್ಪತ್ರೇದು ಬೇರೆ, ಸರ್ಜನ್ನಿಂದು ಬೇರೆ, ಅರಿವಳಿಕೆ ಡಾಕ್ಟ್ರದ್ದು ಬೇರೆ, ಆಂಬುಲೆನ್ಸಿಂದು ಬೇರೆ. ಅರಿವಳಿಕೆ ಡಾಕ್ಟ್ರು ನಮ್ಮ ಇನ್ಶೂರೆನ್ಸಿನ ಪಟ್ಟೀಲಿರ್ಲಿಲ್ವಂತೆ. ಮಗು ಹೊಟ್ಟೆ ಹಿಡ್ಕೊಂಡು ಒದ್ದಾಡ್ತಿರೋವಾಗ ಅರಿವಳಿಕೆ ಕೊಡೋರು ಯಾವ ಪಟ್ಟೀಲಿದಾರೆ ಅಂತ ಯಾವ ತಾಯಿ ಕೇಳ್ತಾಳೆ ಹೇಳಿ. ಅಂಥ ಬಿಲ್ಲಿಂದ ಕಾಪಾಡೋಕೆ 2022ರಲ್ಲಿ ಅಲ್ಲೊಂದು ಕಾನೂನು ಜಾರಿಗೆ ಬಂದಿದೆ, ಒಳ್ಳೇದಾಯ್ತು, ಆದ್ರೆ ರಸ್ತೇಲಿ ಓಡೋ ಆಂಬುಲೆನ್ಸ್ ಅದ್ರೊಳಗೆ ಬರಲ್ಲ, ನೆನಪಿಟ್ಕೊಳಿ.

ಇಲ್ಲಿ ಅವ್ನು ಹನ್ನೆರಡನೇ ವಯಸ್ಸಲ್ಲಿ ಸೈಕಲ್ಲಿಂದ ಬಿದ್ದು ಮುಂಗೈ ಮುರ್ಕೊಂಡ. ಕೌಂಟರಲ್ಲಿ ಇನ್ಶೂರೆನ್ಸ್ ಕಾರ್ಡ್ ಕೊಟ್ಟೆ, ಓದಿಸ್ಕೊಂಡು ವಾಪಸ್ ಕೊಟ್ರು, ಅಷ್ಟೇ. ದೊಡ್ಡೋರು ಆಸ್ಪತ್ರೆ ಸೇರಿದ್ರೆ ದಿನಕ್ಕೆ 10 ಯೂರೋ, ವರ್ಷಕ್ಕೆ ಹೆಚ್ಚಂದ್ರೆ 28 ದಿನದ್ದು ಕಟ್ಬೇಕು, 18 ತುಂಬದ ಮಕ್ಕಳಿಗೆ ಅದೂ ಇಲ್ಲ. ನಾನು ಅಭ್ಯಾಸಬಲದಿಂದ ಎರಡು ಮೂರು ತಿಂಗಳು ಪೋಸ್ಟ್ ಡಬ್ಬಿ ಹೆದರ್ಕೊಂಡೇ ತೆಗೀತಿದ್ದೆ, ಏನೂ ಬರ್ಲಿಲ್ಲ. ಈ ಪದ್ಧತಿ ನಿನ್ನೆ ಮೊನ್ನೇದಲ್ಲ, 1883ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಕಾರ್ಮಿಕರಿಗೆ ಅಂತ ಶುರುವಾಗಿದ್ದು. ದುಡಿಯೋರು ಹುಷಾರು ತಪ್ಪಿದ್ರೆ ಆರು ವಾರ ಕಂಪನೀನೇ ಪೂರ್ತಿ ಸಂಬಳ ಕೊಡತ್ತೆ, ಆಮೇಲೆ ಇನ್ಶೂರೆನ್ಸಿನವ್ರು ಕಮ್ಮಿ ಮಾಡಿ ಕೊಡ್ತಾರೆ. ಹೆಂಡ್ತಿ ಕೆಲಸಕ್ಕೆ ಹೋಗ್ತಿಲ್ಲ ಅಂದ್ರೆ ಅವ್ಳೂ ಮಕ್ಕಳೂ ಅದೇ ಕಂತಲ್ಲೇ ಬರ್ತಾರೆ. ಹೋಲಿಸ್ಬೇಕಾದ್ರೆ ಒಳ್ಳೇ ದಿನಗಳನ್ನ ಹೋಲಿಸ್ಬೇಡಿ, ಕೆಟ್ಟ ದಿನಗಳನ್ನ ಹೋಲ್ಸಿ, ಎಲ್ಲಿ ಜೀವ ಎಷ್ಟು ಬಾಯಿಗೆ ಬರತ್ತೆ ಅಂತ. ನಾನು ಈ ಪ್ರಶ್ನೆಗೆ ಬೇರೆ ಥರ ಉತ್ತರ ಕೊಡಲಾರೆ.

ಹತ್ತು ವರ್ಷಕ್ಕೇ ಮಕ್ಕಳ ಹಣೆಬರಹ ಬರೆದುಬಿಡ್ತಾರಂತೆ, ನಿಜಾನಾ? ನಮ್ಮ ಮಗಳು ಎರಡನೇ ಕ್ಲಾಸು, ಅಮೆರಿಕದ ಸ್ಕೂಲಲ್ಲಿ ಖುಷಿಯಾಗಿದಾಳೆ.

ಹೆಚ್ಚುಕಮ್ಮಿ ನಿಜ, ಮತ್ತೆ ಜರ್ಮನೀಲಿ ನನಗೆ ಅತೀ ಹೆಚ್ಚು ನೋವು ಕೊಟ್ಟಿದ್ದೂ ಇದೇ. ಇಲ್ಲಿ ತುಂಬಾ ಕಡೆ ನಾಲ್ಕನೇ ಕ್ಲಾಸಾದ್ಮೇಲೆ ಮಕ್ಕಳು ಬೇರೆ ಬೇರೆ ಸ್ಕೂಲಿಗೆ ಹೋಗ್ತಾರೆ, ಯೂನಿವರ್ಸಿಟಿ ಕಡೆ ಹೋಗೋರು ಗಿಮ್ನಾಸಿಯಮ್, ಮಿಕ್ಕವ್ರು ಹತ್ತನೇ ಕ್ಲಾಸಿಗೆ ಮುಗಿಯೋ ರಿಯಲ್‌ಶೂಲೆ ಅಥವಾ ಅದಕ್ಕಿಂತ ಕೆಲಸದ ಕಡೆ ಒಲಿದಿರೋ ಸ್ಕೂಲು. ನಮ್ಮ ಮಗ ಬಂದಿದ್ದು ಎಂಟನೇ ವಯಸ್ಸಲ್ಲಿ, ಜರ್ಮನ್ ಒಂದಕ್ಷರ ಬರ್ತಿರ್ಲಿಲ್ಲ. ಭಾಷೆ ಕಲಿಸೋ ಕ್ಲಾಸಿಗೆ ಹಾಕಿದ್ರು, ಅಲ್ಲಿನ ಟೀಚರ್ ದೇವರಂಥವ್ರು. ಆದ್ರೂ ನಾಲ್ಕನೇ ಕ್ಲಾಸ್ ಮುಗಿಯೋಷ್ಟರಲ್ಲಿ ಎಂಥ ಲೆಕ್ಕಾನೂ ಬಾಯಲ್ಲೇ ಮಾಡೋ ಹುಡುಗನಿಗೆ ಪ್ರಬಂಧ ಬರೆಯಕ್ಕೆ ಬರ್ಲಿಲ್ಲ ಅಂತ ರಿಯಲ್‌ಶೂಲೆ ಅಂದ್ರು. ಅವತ್ತು ಟ್ರಾಲಿ ಬಸ್ಸಲ್ಲಿ ವಾಪಸ್ ಬರ್ತಾ ನಾನು ಕಿಟಕಿ ಕಡೆ ತಿರುಗಿ ಅತ್ತಿದೀನಿ. ಓಹಾಯೋದಲ್ಲಿದ್ದಿದ್ರೆ ಇವ್ನು ಹದಿನೆಂಟರವರ್ಗೂ ಎಲ್ಲರ ಜೊತೆ ಒಂದೇ ಸ್ಕೂಲಲ್ಲಿ ಇರ್ತಿದ್ದ, ತಡವಾಗಿ ಅರಳೋ ಮಕ್ಕಳಿಗೆ ಅಲ್ಲಿ ಜಾಗ ಇದೆ.

ಆದ್ರೆ ಬಾಗ್ಲು ಪೂರ್ತಿ ಮುಚ್ಚಲ್ಲ, ಇದು ನಂಗೆ ಆಮೇಲೆ ಗೊತ್ತಾಗಿದ್ದು. ಹತ್ತನೇ ಕ್ಲಾಸಾದ್ಮೇಲೆ ಮಾರ್ಕ್ಸ್ ಚೆನ್ನಾಗಿದ್ರೆ ವೃತ್ತಿ ಕಡೆಯ ಗಿಮ್ನಾಸಿಯಮ್‌ಗೆ ಸೇರ್ಕೊಂಡು ಮೂರು ವರ್ಷದಲ್ಲಿ ಯೂನಿವರ್ಸಿಟಿ ಸೇರೋಕೆ ಬೇಕಾದ ಅಬಿಟೂರ್ ಮಾಡ್ಬಹುದು, ಅದೇ ಪರೀಕ್ಷೆ, ಅದೇ ಯೂನಿವರ್ಸಿಟಿ. ನಮ್ಮವ್ನು ಈಗ ಆ ದಾರೀಲಿದಾನೆ. ನಿಮ್ಮ ಮಗಳು ಎರಡನೇ ಕ್ಲಾಸು ಅಂದ್ರೆ ಬರೋದಾದ್ರೆ ಈಗ್ಲೇ ಬನ್ನಿ, ನಾಲ್ಕನೇ ಕ್ಲಾಸಿಗೆ ಬರೋದಕ್ಕಿಂತ ಎರಡಕ್ಕೆ ಬರೋದು ಎಷ್ಟೋ ಮೇಲು. ಇನ್ನೊಂದು ಗೊತ್ತಿರ್ಲಿ, ಇಲ್ಲಿ ಸ್ಕೂಲು ಕಡ್ಡಾಯ, ಮನೇಲಿ ಕೂರಿಸಿ ಓದಿಸೋ ಹಾಗಿಲ್ಲ, ಮದುವೆ ಮುಂಜಿ ಅಂತ ಪರ್ಮಿಷನ್ ಇಲ್ದೆ ಸ್ಕೂಲಿರೋವಾಗ ಊರಿಗೆ ಕರ್ಕೊಂಡು ಹೋದ್ರೆ ದಂಡ ಹಾಕ್ತಾರೆ.

ಅಮೆರಿಕದ ಸ್ಕೂಲಿನ ಖುಷಿ ಬಗ್ಗೆ ಬರೆದಿದೀರಿ, ನಮ್ಮವ್ನೂ ಅಲ್ಲಿ ಖುಷಿಯಾಗೇ ಇದ್ದ. ಹಳದಿ ಬಸ್ಸು ಬಂದು ನಿಂತ್ರೆ ಕೆಂಪು ದೀಪ ನೋಡಿ ಎರಡೂ ಕಡೆ ಕಾರುಗಳು ನಿಲ್ಲೋದು, ಅಷ್ಟು ದೊಡ್ಡ ರಸ್ತೆ ಒಂದು ಮಗುವಿಗೋಸ್ಕರ ಸುಮ್ನಾಗೋದು, ಅದನ್ನ ನೋಡೋದೇ ಚಂದ. ಅದೇ ಸ್ಕೂಲಿಂದ ಐದು ವರ್ಷದ ಮಗು ಮನೆಗೆ ಬಂದು ಊಟ ಮಾಡ್ತಾ, ಅಮ್ಮಾ ಇವತ್ತು ನಾವು ಲೈಟ್ ಆಫ್ ಮಾಡಿ ಮೂಲೇಲಿ ಕೂತಿದ್ವಿ, ಸದ್ದು ಮಾಡ್ಬಾರ್ದು, ಕೆಟ್ಟೋರು ಬಂದ್ರೆ ಹಾಗೆ ಕೂರ್ಬೇಕಂತೆ ಅಂತ ಹೇಳಿದಾಗ ಬಾಯಿಗಿಟ್ಟ ತುತ್ತು ಒಳಗೆ ಹೋಗ್ಲಿಲ್ಲ. ಜರ್ಮನೀಲಿ ಅಂಥದ್ದು ಆಗೇ ಇಲ್ಲ ಅಂತಲ್ಲ, 2009ರಲ್ಲಿ ಇದೇ ಸ್ಟುಟ್‌ಗಾರ್ಟ್ ಪಕ್ಕದ ವಿನ್ನೆಂಡೆನ್ನಲ್ಲಿ ಒಬ್ಬ ಹುಡುಗ ತನ್ನ ಹಳೇ ಸ್ಕೂಲಿಗೆ ನುಗ್ಗಿ ಗುಂಡು ಹಾರಿಸಿದ್ದ, ಈ ಕಡೆ ಜನ ಅದನ್ನ ಇನ್ನೂ ಮರೆತಿಲ್ಲ. ಆದ್ರೆ ಆಮೇಲೆ ಬಂದೂಕಿನ ಕಾನೂನು ಬಿಗಿ ಮಾಡಿದ್ರು.

ನಾನು ಮೈಸೂರಿನ ಅಜ್ಜಿ. ಮಗಳು ಅಮೆರಿಕ ಬಿಟ್ಟು ಜರ್ಮನಿಗೆ ಹೋಗಿದಾಳೆ. ಏಳು ವರ್ಷದ ಮೊಮ್ಮಗ ಒಬ್ನೇ ಸ್ಕೂಲಿಗೆ ನಡ್ಕೊಂಡು ಹೋಗ್ತಾನಂತೆ, ಭಾನುವಾರ ಮಿಕ್ಸಿ ಹಾಕ್ಬಾರ್ದಂತೆ. ಇದೆಂಥ ದೇಶಾಮ್ಮ?

ಅಮ್ಮಾ, ಮೊದ್ಲು ಮೊಮ್ಮಗನ ವಿಷ್ಯ, ಹೆದರ್ಕೋಬೇಡಿ. ಇಲ್ಲಿ ಮಕ್ಕಳು ಒಬ್ಬೊಬ್ರೇ ನಡ್ಕೊಂಡು ಹೋಗೋದೇ ರೂಢಿ, ಸ್ಕೂಲೇ ಹಾಗೆ ಕಳ್ಸಿ ಅನ್ನತ್ತೆ. ಸ್ಕೂಲ್ ಹತ್ರ ಇರತ್ತೆ, ಫುಟ್‌ಪಾತ್ ಇರತ್ತೆ, ದಾರೀಲಿ ಇನ್ನೂ ನಾಲ್ಕು ಮಕ್ಕಳು ಸೇರ್ಕೋತಾರೆ. ಅಮೆರಿಕದ ನಮ್ಮೂರಲ್ಲಿ ಎಷ್ಟೋ ಬೀದೀಲಿ ಫುಟ್‌ಪಾತೇ ಇರ್ಲಿಲ್ಲ, ಹಾಲು ತರ್ಬೇಕಂದ್ರೂ ಕಾರು ತೆಗೀಬೇಕಿತ್ತು, ನಾನು ಎಚ್4ನಲ್ಲಿ ಡ್ರೈವಿಂಗ್ ಕಲಿಯೋವರ್ಗೂ ಕಿಟಕೀಲಿ ನೋಡ್ತಾ ದಿನ ಕಳೆದಿದೀನಿ. ನಿಮ್ಮ ಮೊಮ್ಮಗ ಮೈಸೂರಲ್ಲಿ ನೀವು ಚಿಕ್ಕೋರಿದ್ದಾಗ ಹೋಗ್ತಿದ್ದ ಹಾಗೆ ಹೋಗ್ತಿದಾನೆ ಅಂತ ತಿಳ್ಕೊಳಿ.

ಭಾನುವಾರದ್ದೂ ನಿಜಾನೇ. ಭಾನುವಾರ ವಿಶ್ರಾಂತಿಯ ದಿನ ಅಂತ ಅವ್ರ ಸಂವಿಧಾನದಲ್ಲೇ ಇದೆ, 1919ರ ಹಳೇ ಸಂವಿಧಾನದ ಆ ಮಾತನ್ನ ಈಗಿನದ್ರಲ್ಲೂ ಹಾಗೇ ಉಳಿಸ್ಕೊಂಡಿದಾರೆ. ಅಂಗಡಿ ಮುಚ್ಚಿರತ್ತೆ, ಗೋಡೆಗೆ ಡ್ರಿಲ್ ಹಾಕೋ ಹಾಗಿಲ್ಲ, ಖಾಲಿ ಗಾಜಿನ ಬಾಟಲಿ ತಗೊಂಡು ಹೋಗಿ ಬೀದಿ ಡಬ್ಬಕ್ಕೆ ಹಾಕೋ ಹಾಗೂ ಇಲ್ಲ, ಸದ್ದಾಗತ್ತೆ ಅಂತ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರ್ಗೂ ಹೀಗೇನೇ. ನಾನು ಆ ತೆಲುಗು ಗೆಳತಿಯ ಗ್ರೈಂಡರ್ ಇಲ್ಲಿಗೂ ತಂದಿದೀನಿ, ಅದು ಅಮೆರಿಕದ 110 ವೋಲ್ಟಿಂದು, ಇಲ್ಲಿ ಕರೆಂಟು 230, ಮಧ್ಯೆ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸ್ತೀನಿ, ಅಲ್ಲಿಗಿಂತ ಸ್ವಲ್ಪ ನಿಧಾನವಾಗಿ ತಿರುಗತ್ತೆ. ಶನಿವಾರ ಸಂಜೆನೇ ರುಬ್ಬಿಟ್ರೆ ಭಾನುವಾರ ದೋಸೆಗೆ ಯಾವ ತೊಂದ್ರೆನೂ ಇಲ್ಲ. ಕುಕ್ಕರ್ ಸೀಟಿಗೆ ಯಾರೂ ಏನೂ ಅಂದಿಲ್ಲ, ನಿಮ್ಮ ಮಗಳಿಗೆ ಧೈರ್ಯವಾಗಿ ಹೇಳಿ. ಮೊದಮೊದ್ಲು ಜೈಲು ಅನ್ನಿಸಿದ ಭಾನುವಾರ ನನಗೆ ಈಗ ಅತೀ ಇಷ್ಟದ ದಿನ. ಯಾರಿಗೂ ಎಲ್ಲಿಗೂ ಹೋಗೋದಿರಲ್ಲ, ನಮ್ಮೂರ ಮೇಲಿನ ದ್ರಾಕ್ಷಿ ತೋಟದ ದಾರೀಲಿ ಇಡೀ ಊರೇ ನಡೀತಿರತ್ತೆ, ಕೆಳಗೆ ನೆಕ್ಕಾರ್ ನದಿ.

ಓದೋಕೆ ಯಾವುದು ಒಳ್ಳೇದು, ಜರ್ಮನಿನಾ ಅಮೆರಿಕಾನಾ? ಸಾಲ ಮಾಡೋ ಪರಿಸ್ಥಿತಿ ಇದೆ.

ಸಾಲ ಮಾಡೋ ಪರಿಸ್ಥಿತಿ ಅಂದ್ರೆ ಜರ್ಮನಿ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಫೀಸಿಲ್ಲ, ಆದ್ರೆ ನಾವಿರೋ ಬಾಡನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಯೂನಿಯನ್ ಹೊರಗಿನವ್ರಿಗೆ 2017ರಿಂದ ಸೆಮಿಸ್ಟರ್‌ಗೆ 1500 ಯೂರೋ ಇದೆ, ಅದಕ್ಕೇ ಪಕ್ಕದ ರಾಜ್ಯಗಳನ್ನೂ ನೋಡಿ. ಏಜೆಂಟರು ತೋರ್ಸೋ ಪ್ರೈವೇಟ್ ಕಾಲೇಜಿಗೆ ಲಕ್ಷಗಟ್ಲೆ ಸುರೀಬೇಡಿ. ಕ್ಲಾಸು ಇಂಗ್ಲಿಷಲ್ಲಿದ್ರೂ ಕೆಲಸ ಸಿಗೋದು ಜರ್ಮನ್ ಬಂದ್ರೇನೇ, ಊರಲ್ಲಿರೋವಾಗ್ಲೇ ಕಲಿಯೋಕೆ ಶುರು ಮಾಡಪ್ಪ.

ಜರ್ಮನ್ನರು ನಗೋದೇ ಇಲ್ಲ, ಹತ್ರ ಸೇರಿಸೋದೇ ಇಲ್ಲ ಅಂತಾರೆ. ಅಮೆರಿಕದಲ್ಲಿ ಗುರ್ತಿಲ್ಲದೋರೂ ಮಾತಾಡಿಸ್ತಾರೆ. ಒಂಟಿತನ ಕಾಡ್ಲಿಲ್ವಾ?

ಕಾಡ್ತು. ಮೊದಲ್ನೇ ಎರಡು ವರ್ಷ ಚೆನ್ನಾಗೇ ಕಾಡ್ತು.

ಓಹಾಯೋದಲ್ಲಿ ನಾವು ಮನೆಗೆ ಬಂದ ದಿನ ಸಂಜೆನೇ ಪಕ್ಕದ ಮನೆಯಾಕೆ ಬ್ರೌನೀಸ್ ತಟ್ಟೆ ಹಿಡ್ಕೊಂಡು ಬಾಗ್ಲು ತಟ್ಟಿದ್ರು. ಹಿಮ ಬಿದ್ದ ಬೆಳಿಗ್ಗೆ ಅವ್ರ ಯಜಮಾನ್ರು ತಮ್ಮ ಡ್ರೈವ್‌ವೇ ಜೊತೆ ನಮ್ದನ್ನೂ ಕೆರೆದು ಹಾಕ್ತಿದ್ರು, ಥ್ಯಾಂಕ್ಸ್ ಹೇಳೋಕೆ ಹೋದ್ರೆ ಕೈ ಬೀಸಿ ಒಳಗೆ ಹೋಗೋರು. ಅದೆಲ್ಲ ಮೇಲ್ಮೇಲಿನ ಪ್ರೀತಿ ಅಂತ ಇಲ್ಲಿನವ್ರು ಹೇಳ್ತಾರೆ, ನಾನು ಒಪ್ಪಲ್ಲ. ಬಾಣಂತೀಲಿ ನನಗೆ ಎರಡು ವಾರ ಊಟ ತಂದು ಕೊಟ್ಟಿದ್ದು ಅದೇ ಮನೆ.

ಎಸ್ಲಿಂಗನ್‌ಗೆ ಬಂದಾಗ ಬಾಡಿಗೆ ಮನೇಲಿ ಅಡುಗೆಮನೆ ಅನ್ನೋದೇ ಇರ್ಲಿಲ್ಲ, ನೀರಿನ ಪೈಪು, ಚಾವಣಿಯಿಂದ ನೇತಾಡೋ ವೈರು, ಅಷ್ಟೇ. ಸಿಂಕು, ಒಲೆ, ಕಪಾಟು ಎಲ್ಲ ನಾವೇ ತಂದು ಕೂರಿಸ್ಕೋಬೇಕು, ಇಲ್ಲಿ ಎಷ್ಟೋ ಬಾಡಿಗೆ ಮನೆ ಹಾಗೇನೇ. ಬಂದು 14 ದಿನದೊಳಗೆ ಊರಿನ ಆಫೀಸಲ್ಲಿ ವಿಳಾಸ ನೋಂದಾಯಿಸ್ಬೇಕು, ಆ ಚೀಟಿ ಇಲ್ದೆ ಮುಂದೆ ಒಂದು ಹೆಜ್ಜೆ ಇಡಕ್ಕಾಗಲ್ಲ. ಯಾರೂ ಬಾಗ್ಲು ತಟ್ಲಿಲ್ಲ. ಮೂರನೇ ವಾರ ಬಾಗ್ಲು ಹಿಡೀಲಿ ಒಂದು ಸಣ್ಣ ಮರದ ಹಲಗೆ ನೇತು ಹಾಕಿತ್ತು, ಕೆರ್‌ವೊಖೆ ಅಂತ ಬರೆದಿತ್ತು. ಈ ಶ್ವಾಬಿಯಾ ಸೀಮೇಲಿ ಅಪಾರ್ಟ್‌ಮೆಂಟಿನ ಮೆಟ್ಟಿಲು, ಅಂಗಳ ಗುಡಿಸೋದು ವಾರಕ್ಕೊಂದು ಮನೆ ಸರದಿ, ಹಲಗೆ ಯಾರ ಬಾಗ್ಲಲ್ಲಿದ್ರೆ ಅವ್ರ ಪಾಳಿ. ನಂಗೆ ಗೊತ್ತಾಗ್ದೆ ಸುಮ್ನಿದ್ದೆ. ಶನಿವಾರ ಮೇಲಿನ ಮನೆ ಅಜ್ಜಿ ಇಳ್ದು ಬಂದ್ರು, ಎಪ್ಪತ್ತು ದಾಟಿದವ್ರು, ಬಯ್ಯೋಕೆ ಬಂದ್ರು ಅಂದ್ಕೊಂಡೆ. ಪೊರಕೆ ಕೈಲಿ ಹಿಡ್ಕೊಂಡು ಮೇಲಿನ ಮೆಟ್ಟಿಲಿಂದ ಶುರು ಮಾಡಿ ಮೂಲೆ ಹೇಗೆ ಗುಡಿಸ್ಬೇಕು, ಒದ್ದೆ ಬಟ್ಟೇಲಿ ಮೆಟ್ಟಿಲ ಪಕ್ಕದ ಕಂಬಿ ಹೇಗೆ ಒರೆಸ್ಬೇಕು ಅಂತ ಒಂದೊಂದೇ ತೋರ್ಸಿದ್ರು, ಮಾತು ಒಂದೂ ಅರ್ಥ ಆಗ್ಲಿಲ್ಲ. ದಿನಾ ಬೆಳಿಗ್ಗೆ ಬಾಗ್ಲಿಗೆ ನೀರು ಹಾಕಿ ರಂಗೋಲಿ ಇಡ್ತಿದ್ದ ಮನೇಲಿ ಬೆಳೆದವ್ಳು ನಾನು, ಗುಡಿಸೋಕೆ ಬರಲ್ಲ ಅಂತ ಅಂದ್ಕೊಂಡ್ರಲ್ಲಾ ಅಂತ ಕಣ್ಣಲ್ಲಿ ನೀರು ಬಂತು. ಮುಂದಿನ ನನ್ನ ಪಾಳೀಲಿ ಮೆಟ್ಟಿಲು ಎಷ್ಟು ಚೆನ್ನಾಗಿ ಒರೆಸಿದ್ದೆ ಅಂದ್ರೆ ಆಕೆ ಬಾಗ್ಲು ತೆಗೆದು ನೋಡಿ, ಏನೂ ಹೇಳ್ದೆ ತಲೆ ಆಡಿಸಿ ಒಳಗೆ ಹೋದ್ರು. ಒಂದೂವರೆ ವರ್ಷ ಆದ್ಮೇಲೆ ಒಂದು ದಿನ ಪ್ಲಮ್ ಹಣ್ಣಿನ ಕೇಕ್ ತಂದು ಕೊಟ್ಟು, ಇನ್ಮುಂದೆ ನೀವು ಅನ್ಬೇಡ, ನೀನು ಅನ್ನು ಅಂತ ಹೇಳಿದ್ರು. ಕನ್ನಡದವ್ರಿಗೆ ಇದ್ರ ಬೆಲೆ ವಿವರಿಸ್ಬೇಕಿಲ್ಲ, ನಮ್ಮಲ್ಲೂ ನೀವು-ನೀನು ಇದೆಯಲ್ಲ, ಅಮೆರಿಕದ ಯೂನಲ್ಲಿ ಅದು ಸಿಗಲ್ಲ. ಅವತ್ತಿಂದ ಇವತ್ತಿನವರ್ಗೂ ನಮ್ಮನೆ ಬೀಗದ ಕೈ ಅವ್ರ ಹತ್ರ, ಅವ್ರದ್ದು ನನ್ನ ಹತ್ರ.

ಹಾಗಾಗಿ ನನ್ನ ಉತ್ತರ ಇಷ್ಟು, ಅಲ್ಲಿ ಬಾಗ್ಲು ತೆಗೆದೇ ಇರತ್ತೆ, ಇಲ್ಲಿ ಬಾಗ್ಲು ತೆಗಿಯೋಕೆ ಭಾಷೆ ಬೇಕು, ವರ್ಷ ಬೇಕು. ಭಾಷೆ ಕಲಿಯದೆ ಹತ್ತು ವರ್ಷ ಇದ್ದವ್ರನ್ನ ನೋಡಿದೀನಿ, ಅವ್ರು ಇನ್ನೂ ಹೊರಗೇ ನಿಂತಿದಾರೆ, ಅದಕ್ಕೆ ಜರ್ಮನ್ನರನ್ನ ಮಾತ್ರ ದೂರೋದು ನ್ಯಾಯ ಅಲ್ಲ. ಬಸ್ಸಲ್ಲಿ ಕೆಟ್ಟ ಮಾತೂ ಕೇಳಿದೀನಿ, ಎರಡು ಸಲ. ಎರಡು ಸಲಾನೂ ಬೇರೆ ಯಾರೋ ಎದ್ದು ನಿಂತು ನನ್ನ ಪರ ಮಾತಾಡಿದ್ರು, ಅದನ್ನೂ ಬರೀಲೇಬೇಕು.

ಮನಸ್ಸು ತುಂಬಾ ಕುಗ್ಗಿದ್ದ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟಿದ್ದು ಒಂದು ಸಣ್ಣ ವಿಷ್ಯ. 1843ರಲ್ಲಿ ಮಂಗಳೂರು ಸಮಾಚಾರ ಅಂತ ಕನ್ನಡದ ಮೊದಲ ಪತ್ರಿಕೆ ತಂದ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ತೀರ್ಕೊಂಡಿದ್ದು ಇದೇ ಎಸ್ಲಿಂಗನ್ನಲ್ಲಿ, 1881ರಲ್ಲಿ. 1894ರ ಕನ್ನಡ ನಿಘಂಟಿನ ಕಿಟೆಲ್ ಕೊನೇ ದಿನ ಕಳೆದಿದ್ದು ಇಲ್ಲಿಂದ ದೂರವಿಲ್ಲದ ಟ್ಯೂಬಿಂಗನ್ನಲ್ಲಿ. ಅವ್ರು ನಮ್ಮ ಭಾಷೆ ಅಷ್ಟು ಕಲಿತ್ರಲ್ಲ, ನಾನು ಇವ್ರ ಭಾಷೇಲಿ ಬಿ1 ಅನ್ನೋ ಮಧ್ಯಮ ಮಟ್ಟದ ಪರೀಕ್ಷೆ ಪಾಸು ಮಾಡಕ್ಕಾಗಲ್ವಾ ಅಂತ ಹಠ ಹಿಡಿದು ಕೂತೆ. ನಮ್ಮನೆಯವ್ರೂ ಜೊತೆಗೇ ಕೂತು ಕಲಿತ್ರು, ಬ್ಲೂ ಕಾರ್ಡಿನವ್ರಿಗೆ, ಅಂದ್ರೆ ಹೊರಗಿಂದ ಬಂದ ಓದಿದ ಕೆಲಸಗಾರರಿಗೆ ಇಲ್ಲಿ ಕೊಡೋ ಪರ್ಮಿಟ್ಟಿನವ್ರಿಗೆ, ಬಿ1 ಇದ್ರೆ 21 ತಿಂಗಳಿಗೇ ಕಾಯಂ ವಾಸದ ಪರ್ಮಿಟ್ಟು ಸಿಗತ್ತೆ. ಅಮೆರಿಕದಲ್ಲಿ ಹನ್ನೊಂದು ವರ್ಷ ಕಾದು ಸಿಗದೇ ಇದ್ದಿದ್ದು ಇಲ್ಲಿ ಎರಡು ವರ್ಷದೊಳಗೆ ಕೈಗೆ ಬಂತು.

ನಿಮ್ಮ ಮಗ ಯಾವುದನ್ನ ತನ್ನೂರು ಅಂತಾನೆ? ನಮ್ಮ ಮಕ್ಕಳಿಗೂ ಊರು ತಪ್ಪಿಸಿಬಿಟ್ವಾ ಅಂತ ರಾತ್ರಿ ನಿದ್ದೆ ಬರಲ್ಲ.

ಸಿನ್ಸಿನಾಟಿನೇ ತನ್ನೂರು ಅಂತಾನೆ, ಒಂದು ಕ್ಷಣಾನೂ ಯೋಚ್ನೆ ಮಾಡ್ದೆ. ನಾನು ಅದನ್ನ ಬದಲಾಯಿಸೋಕೆ ಯಾವತ್ತೂ ಹೋಗಿಲ್ಲ. ಅವ್ನು ಅಲ್ಲಿ ಹುಟ್ಟಿದ ಅಮೆರಿಕನ್ ಪ್ರಜೆ, ಹಾಗಾಗಿ ಕೆಲವು ವಿಷ್ಯ ಬರೆದಿಟ್ಕೊಳಿ, ನಿಮಗೂ ಬೇಕಾಗತ್ತೆ. ಗಂಡು ಮಕ್ಕಳು 18 ತುಂಬಿದ್ಮೇಲೆ ಹೊರದೇಶದಲ್ಲಿದ್ರೂ ಸೆಲೆಕ್ಟಿವ್ ಸರ್ವೀಸ್‌ನಲ್ಲಿ, ಅಂದ್ರೆ ಅಗತ್ಯ ಬಿದ್ರೆ ಸೈನ್ಯಕ್ಕೆ ಕರೆಯೋಕೆ ಅಮೆರಿಕ ಇಡೋ ಪಟ್ಟೀಲಿ, ಹೆಸರು ದಾಖಲಾಗಿರ್ಬೇಕು. ದುಡಿಯೋಕೆ ಶುರು ಮಾಡಿದ್ಮೇಲೆ ಜರ್ಮನೀಲಿ ಟ್ಯಾಕ್ಸ್ ಕಟ್ಟಿದ್ರೂ ಆದಾಯ ಮಿತಿ ದಾಟಿದ್ರೆ ವರ್ಷಾ ವರ್ಷಾ ಅಮೆರಿಕಕ್ಕೂ ರಿಟರ್ನ್ಸ್ ಹಾಕ್ಬೇಕು, ಇಲ್ಲಿನ ಬ್ಯಾಂಕಲ್ಲಿ ಎಲ್ಲ ಅಕೌಂಟ್ ಸೇರಿ 10,000 ಡಾಲರ್ ದಾಟಿದ್ರೆ ಅದನ್ನೂ ತಿಳಿಸ್ಬೇಕು. ಜರ್ಮನಿ 2024ರ ಜೂನಿಂದ ಎರಡು ಪೌರತ್ವಕ್ಕೆ ಒಪ್ಪಿದೆ, ಐದು ವರ್ಷ ವಾಸ ಆಗಿದ್ರೆ ಅರ್ಜಿ ಹಾಕ್ಬಹುದು, ಅವ್ನಿಗೆ ಎರಡೂ ಇಟ್ಕೊಳಕ್ಕೆ ಅಡ್ಡಿ ಇಲ್ಲ. ಇಂಡಿಯಾ ಮಾತ್ರ ಒಪ್ಪಲ್ಲ, ಅದಕ್ಕೇ ನಾನು ನನ್ನ ನೀಲಿ ಪಾಸ್‌ಪೋರ್ಟ್ ಇನ್ನೂ ಬಿಟ್ಟುಕೊಟ್ಟಿಲ್ಲ, ಫಾರಂ ತುಂಬಿ ಡ್ರಾಯರಲ್ಲಿಟ್ಟು ಒಂದು ವರ್ಷ ಆಯ್ತು.

ಸಿನ್ಸಿನಾಟಿ ಅಂದ್ರೇನೇ ಊರು ಬಿಟ್ಟು ಬಂದ ಜರ್ಮನ್ನರೂ ಸೇರಿ ಕಟ್ಟಿದ ಊರು, ಇದು ನಂಗೆ ಅಲ್ಲಿದ್ದಾಗ ಅರ್ಧ ಗೊತ್ತಿತ್ತು, ಇಲ್ಲಿಗೆ ಬಂದ್ಮೇಲೆ ಪೂರ್ತಿ ಅರ್ಥ ಆಯ್ತು. ಓವರ್ ದಿ ರೈನ್ ಅನ್ನೋ ಬಡಾವಣೆಗೆ ಆ ಹೆಸರು ಬಂದಿದ್ದು ಅಲ್ಲಿದ್ದ ಕಾಲುವೇನ ಜನ ರೈನ್ ನದಿ ಅಂತ ಕರೀತಿದ್ದಿದ್ರಿಂದ, ಈಗ ಕಾಲುವೆ ಮುಚ್ಚಿ ರಸ್ತೆ ಆಗಿದೆ. 1840ರಿಂದ್ಲೇ ಅಲ್ಲಿ ಸರ್ಕಾರಿ ಸ್ಕೂಲಲ್ಲಿ ಜರ್ಮನ್, ಇಂಗ್ಲಿಷ್ ಎರಡ್ರಲ್ಲೂ ಪಾಠ ನಡೀತಿತ್ತು. ಮೊದಲ್ನೇ ಮಹಾಯುದ್ಧ ಬಂತು, 1918ರಲ್ಲಿ ಬ್ರೆಮೆನ್ ಬೀದಿ ರಿಪಬ್ಲಿಕ್ ಬೀದಿ ಆಯ್ತು, ಸ್ಕೂಲಿಂದ ಜರ್ಮನ್ ಹೋಯ್ತು, ಆಮೇಲೆ ಮನೆಗಳಿಂದ್ಲೂ ಹೋಯ್ತು. ನಾನು ಮನೇಲಿ ಕನ್ನಡಾನೇ ಮಾತಾಡೋದು ಅಂತ ಹಠ ಹಿಡಿದಿರೋದು ಇದನ್ನ ತಿಳ್ಕೊಂಡ್ಮೇಲೆ. ಮಗ ಊಟಕ್ಕೆ ಕೂತಾಗ ಮೂರು ಭಾಷೆ ಕಲಸಿ ಮಾತಾಡ್ತಾನೆ, ಆದ್ರೆ ಅಮ್ಮಾ ಸಾರು ಬಡಿಸು ಅನ್ನೋದು ಕನ್ನಡದಲ್ಲೇ.

ಹೋದ ಬೇಸಿಗೇಲಿ ಮೂರು ವಾರ ಅಲ್ಲಿದ್ವಿ. ಒಂದು ಸಂಜೆ ಓಹಾಯೋ ನದಿ ಮೇಲಿನ ನೀಲಿ ತೂಗುಸೇತುವೆ ಮೇಲೆ ಕೆಂಟಕಿ ಕಡೆಗೆ ನಡ್ಕೊಂಡು ಹೋಗ್ತಿದ್ವಿ. ಅದನ್ನ ಕಟ್ಟಿದ ರೋಬ್ಲಿಂಗ್ ಜರ್ಮನಿಯ ಮ್ಯುಲ್‌ಹೌಸೆನ್‌ನಲ್ಲಿ ಹುಟ್ಟಿದವ್ರು. ಅಲ್ಲಿನ ಫಲಕ ಓದ್ತಾ ಮಗ ಆ ಊರಿನ ಹೆಸ್ರನ್ನ ಜರ್ಮನ್ನರು ಹೇಳೋ ಹಾಗೇನೇ ಹೇಳಿದ, ಪಕ್ಕದಲ್ಲಿದ್ದ ಒಬ್ರು ವಯಸ್ಸಾದವ್ರು ತಿರುಗಿ ನೋಡಿ, ಎಲ್ಲಿಂದ ಬಂದಿದೀಯಪ್ಪಾ ಅಂತ ಕೇಳಿದ್ರು. ಇಲ್ಲೇ ಸಾರ್, ಇದೇ ಊರು ಅಂದ.